ಕಪ್ಪು ಬೆಲ್ಲಕ್ಕೆ ಹಳದಿ ಸುಳ್ಳು

ಒಳ್ಳೆಯ ಬೆಲ್ಲ ಯಾವುದೆಂದು ನೀವು ಕಡೆಯ ಬಾರಿ ಕೇಳಿದ್ದು ಯಾರನ್ನು? ಬೆಲ್ಲ ಕಾಯಿಸುವವರನ್ನೋ, ಕೈಯಲ್ಲಿದ್ದ ಫೋನನ್ನೋ? ಫೋನನ್ನೇ ಕೇಳಿದಿರಿ. ಪರದೆಯ ನೆತ್ತಿಯಲ್ಲಿ ಅದು ಒಪ್ಪವಾಗಿ ಬರೆದುಕೊಟ್ಟ ನಾಲ್ಕು ಸಾಲು ಓದಿದಿರಿ. ಆ ಸಾಲುಗಳು ಯಾರ ಮನೆಯಿಂದ ಬಂದವೆಂದು ಕೆಳಗೆ ಬೆರಳಾಡಿಸಿ ನೋಡುವಷ್ಟು ವ್ಯವಧಾನವೂ ಇಲ್ಲದೆ ಮುಚ್ಚಿಟ್ಟಿರಿ. ನಿಮ್ಮ ಆ ಅರ್ಧ ನಿಮಿಷದ ಸೋಮಾರಿತನದಿಂದ ಮಂಡ್ಯ ಸೀಮೆಯ ಕೊಪ್ಪದ ಹತ್ತಿರದ ಒಂದು ಆಲೆಮನೆ ತನ್ನ ಮರ್ಯಾದೆ ಕಳೆದುಕೊಳ್ಳುವುದರಲ್ಲಿತ್ತು. ಕಳೆದುಕೊಳ್ಳಲಿಲ್ಲ, ಆದರೆ ಆ ಪುಣ್ಯದಲ್ಲಿ ನಿಮ್ಮ ಪಾಲು ಇಲ್ಲ.

ಆ ಆಲೆಮನೆ ಮಂಗಳಮ್ಮನದು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಉಕ್ಕಿ ಬರುವಾಗ ಮಡ್ಡಿ ತೆಗೆಯಲು ಆಕೆ ಬೆಂಡೆಗಿಡದ ಲೋಳೆ ಹಾಕುತ್ತಾಳೆ, ಹದಕ್ಕೆ ಚಿಟಿಕೆ ಸುಣ್ಣ ಹಾಕುತ್ತಾಳೆ, ಮೂರನೆಯದೊಂದನ್ನು ಹಾಕುವುದಿಲ್ಲ. ಹೈಡ್ರೋಸ್ ಎಂಬ ಬಿಳಿ ಪುಡಿಯೊಂದಿದೆ. ಒಂದು ಹಿಡಿ ಉದುರಿಸಿದರೆ ಸಾಕು, ಕಂದು ಬೆಲ್ಲ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಮಾರುಕಟ್ಟೆಯಲ್ಲಿ ಹರಾಜು ಕೂಗುವವರ ಕಣ್ಣಿಗೆ ಬೀಳುವುದು ಆ ಬಣ್ಣವೇ. ಮಂಗಳಮ್ಮನ ಬೆಲ್ಲ ಅಲ್ಲಿ ಮೂಲೆಗೆ ಸೇರುತ್ತಿತ್ತು. ಆದ್ದರಿಂದಲೇ ಸೊಸೆ ರೂಪ, ಭಾರತೀನಗರದ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಈ ಮನೆಗೆ ಬಂದವಳು, ನಾಲ್ಕು ವರ್ಷದ ಹಿಂದೆ ಅತ್ತೆಯ ಹೆಸರಿನಲ್ಲಿ ಒಂದು ವೆಬ್‌ಸೈಟು ಮಾಡಿಸಿದಳು. ಕಪ್ಪು ಬೆಲ್ಲ ಬೇಕೆನ್ನುವವರು ನೇರವಾಗಿ ಕೇಳಲಿ, ನೇರವಾಗಿ ಪಾರ್ಸಲ್ ಹೋಗಲಿ ಎಂಬುದು ಅವಳ ಲೆಕ್ಕಾಚಾರ. ಮೂರು ವರ್ಷ ಅದು ತಪ್ಪಲಿಲ್ಲ.

ನಾಲ್ಕನೆಯ ವರ್ಷ ಹುಡುಕಾಟದ ರೀತಿಯೇ ಬದಲಾಯಿತು. ಮೊದಲು ಸರ್ಚ್ ಎಂಜಿನ್ ಹತ್ತು ಬಾಗಿಲು ತೋರಿಸಿ, ಬೇಕಾದ್ದನ್ನು ತಟ್ಟಿಕೊಳ್ಳಿ ಎನ್ನುತ್ತಿತ್ತು. ಈಗ ತಾನೇ ಹೊಸ್ತಿಲಲ್ಲಿ ನಿಂತು ಉತ್ತರ ಕೊಟ್ಟು ಕಳಿಸತೊಡಗಿತು. ರೂಪಳ ವೆಬ್‌ಸೈಟು ಎರಡನೆಯ ಪುಟಕ್ಕೆ ಜಾರಿ, ಮೂರನೆಯದಕ್ಕೆ ಬಿದ್ದು, ಕಣ್ಮರೆಯಾಯಿತು. ಗಂಡ ಪುಟ್ಟರಾಜು ಗಾಬರಿಯಾಗಿ, ವೆಬ್‌ಸೈಟನ್ನು ಮತ್ತೆ ಮೇಲೆ ತರುತ್ತೇನೆಂದ ಮಂಡ್ಯದ ಸ್ವರೂಪ್ ಎಂಬ ಯುವಕನಿಗೆ ಸೈಟಿನ ಕೀಲಿಕೈ ಒಪ್ಪಿಸಿದ. ಅವನು ಒಂದೇ ವಾರದಲ್ಲಿ ಅರವತ್ತನಾಲ್ಕು ಹೊಸ ಪುಟಗಳನ್ನು ಸೇರಿಸಿದ. ಅವುಗಳನ್ನು ರೂಪ ಓದಲಿಲ್ಲ. ಈ ಕಥೆಯಲ್ಲಿ ಅವಳ ತಪ್ಪು ಇಷ್ಟೇ, ಆದರೆ ಇದು ಸಣ್ಣದಲ್ಲ.

ಇತ್ತ ಮಂಡ್ಯದ ಮಂಡಿ ವ್ಯಾಪಾರಿ ಜಯಪ್ರಕಾಶ್, ಮಂಗಳಮ್ಮನಿಗೆ ದೂರದ ತಮ್ಮನಾಗಬೇಕಾದವನು, ದೀಪಾವಳಿಯ ಮಾರನೆಯ ದಿನ ಬಂದು ಕೂತ.

"ಅಕ್ಕೋ, ಕೋಣೆ ತುಂಬ ಬೆಲ್ಲ ಕೂತೈತಲ್ಲ, ಇರುವೆ ಸಾಕ್ತಿದ್ದೀಯಾ?"

"ನಿನ್ನ ಸಾಕೋದ್ಕಿಂತ ವಾಸಿ ಕಣ್ಲಾ. ಅವು ಮಾತಾಡಕಿಲ್ಲ."

"ಸಂಕ್ರಾಂತಿ ಗಂಟ ನೋಡ್ತೀನಿ. ಆಮೇಲೆ ಇಡೀ ಬೆಲ್ಲ ನನ್ ಮಂಡೀಗೆ ಆಕು. ಬಣ್ಣ ಮಾತ್ರ ಬರ್ಬೇಕು. ಪುಡಿ ನಾನೇ ತಂದುಕೊಡ್ತೀನಿ."

"ಬಣ್ಣ ಬೇಕಾದ್ರೆ ನಿನ್ ಗೋಡೆಗೆ ಬಳ್ಕೊ, ಓಗು."

ಮಾತು ಖಡಕ್ಕಾಗಿತ್ತು. ಆದರೆ ಆತ ಹೋದ ಮೇಲೆ ಮಂಗಳಮ್ಮ ಬೆಲ್ಲದ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತದ್ದನ್ನು ರೂಪ ಕಂಡಳು. ಸಂಕ್ರಾಂತಿಗೆ ಎರಡು ತಿಂಗಳಿತ್ತು. ಪಾರ್ಸಲ್ ಹೋಗದಿದ್ದರೆ, ನಲವತ್ತು ವರ್ಷ ಆಕೆ ಮುಟ್ಟದ ಪುಡಿ ಆ ಕೊಪ್ಪರಿಗೆಗೆ ಬೀಳುತ್ತಿತ್ತು.

ಆ ವಾರವೇ ಫೋನು ಬಂತು.

"ಮಂಗಳಮ್ಮನ ಆಲೆಮನೆಯಾ? ನಾನು ಮಳವಳ್ಳಿಯಿಂದ ಪಂಕಜಮ್ಮ ಅಂತ, ರಿಟೈರ್ಡ್ ಟೀಚರ್. ಮೂವತ್ನಾಲ್ಕು ವರ್ಷ ಮಕ್ಕಳ ಕಾಪಿ ತಿದ್ದಿದೀನಿ. ಇವತ್ತು ನಿಮ್ಮದು ತಿದ್ದೋಣ ಅಂತ ಫೋನ್ ಮಾಡಿದೆ."

"ಹೇಳಿ ಮೇಡಂ," ಎಂದಳು ರೂಪ.

"ನೀವು ಕಳಿಸಿರೋ ಬೆಲ್ಲ ಕಪ್ಪಗಿದೆ."

"ಅದು ಹಾಗೇ ಇರೋದು ಮೇಡಂ. ನಾವು ಪುಡಿ ಹಾಕಲ್ಲ."

"ಹಾಗಂತ ನೀನು ಹೇಳ್ತೀಯ. ನಿಮ್ಮ ವೆಬ್‌ಸೈಟು ಬೇರೆ ಹೇಳುತ್ತಲ್ಲಮ್ಮ! ಒಳ್ಳೆ ಬೆಲ್ಲ ಹೇಗಿರುತ್ತೆ ಅಂತ ಕೇಳಿದೆ, ಫೋನು ಮೇಲ್ಗಡೆನೇ ಉತ್ತರ ಕೊಡ್ತು. ಓದ್ತೀನಿ, ಕೇಳು. ಶುದ್ಧ ಬೆಲ್ಲವು ಹೊಳೆಯುವ ಹೊಂಬಣ್ಣದ್ದಾಗಿರುತ್ತದೆ, ಕಪ್ಪು ಬಣ್ಣವು ಕಲಬೆರಕೆಯ ಲಕ್ಷಣ. ಎಲ್ಲಿಂದ ಬಂತು ಅಂತ ಕೆಳಗೆ ನೋಡಿದ್ರೆ ನಿಮ್ಮ ಹೆಸರು. ಅದನ್ನ ನಂಬಿ ನಿಮಗೇ ಆರ್ಡರ್ ಮಾಡಿದೆ."

ರೂಪ ಆ ಸಾಲನ್ನು ಕೈಗೆ ಸಿಕ್ಕ ಚೀಟಿಯ ಮೇಲೆ ಬರೆದುಕೊಂಡಳು.

"ಎರಡರಲ್ಲಿ ಒಂದು ಸುಳ್ಳು. ಬೆಲ್ಲವೋ, ಬರಹವೋ, ನೋಡಿ ಹೇಳು. ಅಲ್ಲಿವರೆಗೂ ಪಾರ್ಸಲ್ ಕಟ್ಟಿಟ್ಟಿರ್ತೀನಿ."

ರೂಪ ತಾನೇ ಹುಡುಕಿ ನೋಡಿದಳು. ಪರದೆಯ ನೆತ್ತಿಯಲ್ಲಿ ಅದೇ ಸಾಲು, ಕೆಳಗೆ ಅತ್ತೆಯ ಹೆಸರು. ಮಂಗಳಮ್ಮನ ಬೆಲ್ಲ ಕಲಬೆರಕೆಯೆಂದು ಮಂಗಳಮ್ಮನ ಹೆಸರಿನಲ್ಲಿಯೇ ಲೋಕಕ್ಕೆಲ್ಲ ಸಾರಲಾಗಿತ್ತು! ಪರರ ಸುಳ್ಳನ್ನು ಎದುರಿಸುವುದು ಸುಲಭ. ಅವಳು ಮೈಯೆಲ್ಲ ಉರಿದು ಕೂತದ್ದು ಆ ಸುಳ್ಳು ತನ್ನದೆಂಬ ಕಾರಣಕ್ಕೆ. ಮರುದಿನ ಬೆಳಗಿನ ಬಸ್ಸಿಗೇ ಮಂಡ್ಯಕ್ಕೆ ಹೋದಳು.

ಸ್ವರೂಪನ ಕಚೇರಿ ಮೊಬೈಲ್ ಅಂಗಡಿಯೊಂದರ ಮೇಲಿತ್ತು. ಅವನು ಕುರ್ಚಿ ಒರೆಸಿ ಕೂರಿಸಿದ.

"ಅಕ್ಕ, ಆ ಪುಟ ಮಾತ್ರ ತೆಗೀಬೇಡಿ. ನಿಮ್ಮ ಸೈಟಲ್ಲಿ ಉಸಿರಾಡ್ತಿರೋದು ಅದೊಂದೇ. ಅದ್ರಿಂದಾನೇ ಅಲ್ವಾ ತಿಂಗಳಿಗೆ ನಾಲ್ಕು ಆರ್ಡರ್ ಬರ್ತಿರೋದು?"

"ಅದು ಸುಳ್ಳು ಕಣಪ್ಪ."

"ನಾನು ಬರೆದಿಲ್ಲ ಅಕ್ಕ, ಸಾಫ್ಟ್‌ವೇರ್ ಬರೆದಿದ್ದು."

"ಹಾಕ್ದೋರು ಯಾರು?"

"ಹಾಕಿದ್ದು ನಾನೇ."

"ಓದಿದ್ಯಾ?"

"ಅರವತ್ನಾಲ್ಕು ಪುಟ ಯಾರಕ್ಕ ಓದ್ತಾರೆ?"

"ಮಳವಳ್ಳಿ ಟೀಚರಮ್ಮ ಓದವ್ರೆ."

ಸ್ವರೂಪ ನಕ್ಕ. ಆಮೇಲೆ ದನಿ ತಗ್ಗಿಸಿ, ಬೇಕಾದರೆ ಐವತ್ತು ಜನ ಹೊಗಳಿ ಬರೆದಂತೆ ರಿವ್ಯೂ ಹಾಕಿಸಿಕೊಡುತ್ತೇನೆ, ಎಲ್ಲರೂ ಹಾಕಿಸುತ್ತಾರೆ ಎಂದ. ಎಲ್ಲರೂ! ಅನ್ಯಾಯಕ್ಕೆ ಇದಕ್ಕಿಂತ ಹಳೆಯ ಸಮರ್ಥನೆ ಬೇರೆ ಇದೆಯೇ? ಶಾಲೆಯಲ್ಲಿ ಪಕ್ಕದವನ ಉತ್ತರ ನಕಲು ಮಾಡಿ ಸಿಕ್ಕಿಬಿದ್ದ ಹುಡುಗನೂ ಇದನ್ನೇ ಹೇಳುತ್ತಾನೆ, ನಾವು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತೇವೆ. ಅದೇ ಹುಡುಗ ಬೆಳೆದು ಕಚೇರಿ ತೆರೆದರೆ ಕುರ್ಚಿ ಹಾಕಿ ಕೂರಿಸಿ ಸಲಹೆ ಕೇಳುತ್ತೇವೆ.

"ಮಾತು ಸಾಕು, ಪಾಸ್‌ವರ್ಡ್ ಕೊಡಪ್ಪ," ಎಂದು ರೂಪ ಕೈ ಚಾಚಿದಳು.

ಪಾಸ್‌ವರ್ಡ್ ಸಿಕ್ಕಿತು. ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ಅವಳ ಧೈರ್ಯ ಅರ್ಧಕ್ಕಿಳಿಯಿತು. ಸುಳ್ಳು ಪುಟ ತೆಗೆದರೆ ಆ ನಾಲ್ಕು ಆರ್ಡರೂ ಇಲ್ಲ. ಸಂಕ್ರಾಂತಿಯವರೆಗೆ ಬಿಟ್ಟು ಆಮೇಲೆ ತೆಗೆದರೆ? ಮನೆಗೆ ಬಂದವಳು ಅದನ್ನೇ ಅತ್ತೆಯ ಮುಂದಿಟ್ಟಳು. ಮಂಗಳಮ್ಮ ಒಲೆಯ ಮುಂದೆ ಕೂತು ಒಣಗಿದ ಕಬ್ಬಿನ ಸಿಪ್ಪೆಯನ್ನು ಉರಿಗೆ ನೂಕುತ್ತಿದ್ದಳು.

"ಓದ್ ಬೇಸ್ಗೇಲಿ ಪಾಕ ಸೀದೋಯ್ತಲ್ಲ, ಆವತ್ತು ಏನ್ ಮಾಡುದ್ವಿ?"

"ಕೊಪ್ಪರಿಗೆ ಉಜ್ಜುದ್ವಿ."

"ಆಮೇಲೆ?"

"ಉಜ್ಜಿದ ಮೇಲೆ ಕಾಯಿಸಿದ ಮೊದಲ್ನೇ ಪಾಕ ಮಾರ್ಲಿಲ್ಲ. ದನಕ್ಕೆ ಬೂಸದ ಜೊತೆ ಕೊಟ್ವಿ."

"ಯಾಕಮ್ಮಿ? ಚೆಂದಾಗೇ ಇತ್ತಲ್ಲ, ಮಾರ್ಬೋದಾಗಿತ್ತು."

"ವಾಸನೆ ಉಳಿದಿರುತ್ತೆ ಅಂತ ನೀವೇ ಹೇಳುದ್ರಿ."

"ಈಗ್ಲೂ ಅದ್ನೇ ಏಳ್ತಿವ್ನಿ. ಉಜ್ಜು. ಮೊದ್ಲ ಪಾಕ ನಷ್ಟ ಅಂತ ಬುಡು. ಎರಡ್ನೇದ್ರಿಂದ ನಮ್ದು."

ಆ ಆಲೆಮನೆಯ ಕಟ್ಟುಪಾಡು ಅದು, ಮಂಗಳಮ್ಮನ ಅತ್ತೆಯ ಕಾಲದಿಂದ ಬಂದದ್ದು. ರೂಪ ಅರವತ್ತನಾಲ್ಕು ಪುಟಗಳನ್ನೂ ಅಳಿಸಿದಳು. ಎಲ್ಲಿಂದಲೋ ತಂದು ಅಂಟಿಸಿದ್ದ ಹೊಂಬಣ್ಣದ ಚಿತ್ರಗಳನ್ನು ಕಿತ್ತಳು. ಅವುಗಳ ಜಾಗದಲ್ಲಿ ಮೊದಲು ಒಂದೇ ಪುಟ ಬರೆದಳು: ಇಲ್ಲಿ ಇಂಥ ಸುಳ್ಳೊಂದು ನಮ್ಮ ಹೆಸರಿನಲ್ಲಿತ್ತು, ಓದದೆ ಬಿಟ್ಟದ್ದು ನಮ್ಮ ತಪ್ಪು, ನಂಬಿ ಕೊಂಡವರು ಬೆಲ್ಲ ಹಿಂದಿರುಗಿಸಬಹುದು. ಪಂಕಜಮ್ಮನವರಿಗೆ ಫೋನು ಮಾಡಿ, "ಬರಹ ಸುಳ್ಳು ಮೇಡಂ, ಬೆಲ್ಲ ನಿಜ," ಎಂದಳು. ಅತ್ತಲಿಂದ, "ಹೂಂ, ಪಾರ್ಸಲ್ ಬಿಚ್ಚಿದೆ," ಎಂಬಷ್ಟೇ ಉತ್ತರ ಬಂತು.

ನಂತರ ಹದಿನೇಳು ದಿನ ಒಂದು ಆರ್ಡರೂ ಬರಲಿಲ್ಲ. ಅದು ಮೊದಲ ಪಾಕ.

ಆ ದಿನಗಳಲ್ಲಿ ಅವಳು ಸುಮ್ಮನೆ ಕೂರಲಿಲ್ಲ. ಆಲೆಮನೆಗೆ ಬಂದವರಿಗೆ ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿಕೊಡುವುದು, ತಿನ್ನುತ್ತ ಅವರು ಏನು ಕೇಳಿದರೂ ಹೇಳುವುದು ಅಲ್ಲಿನ ವಾಡಿಕೆ. ರೂಪ ಪಕ್ಕದಲ್ಲಿ ನೋಟ್‌ಪುಸ್ತಕ ಹಿಡಿದು ನಿಂತಳು. ಮಳೆಗಾಲದಲ್ಲಿ ಬೆಲ್ಲ ಬೆವರುವುದೇಕೆ? ಇರುವೆ ಹತ್ತದ ಬೆಲ್ಲ ಒಳ್ಳೆಯದೇ? ಹಾಲಿಗೆ ಹಾಕಿದರೆ ಒಡೆಯುವುದೇಕೆ?

"ಕುದಿಯೋ ಆಲ್ಗೆ ಯಾಕವ್ವ ಆಕ್ತೀರಿ? ಇಳ್ಸಿ, ವಸಿ ಆರುಸ್ಬುಟ್ಟು ಆಕಿ," ಎಂದು ಮಂಗಳಮ್ಮ ಗದರುತ್ತಿದ್ದಳು. ರೂಪ ಗದರಿಕೆಯನ್ನು ತೆಗೆದು ಉತ್ತರವನ್ನು ಬರೆದುಕೊಳ್ಳುತ್ತಿದ್ದಳು. ಒಂದು ಪ್ರಶ್ನೆಗೆ ಒಂದು ಪುಟ, ಜನ ಫೋನಿಗೆ ಹೇಳುವ ಮಾತಿನಲ್ಲೇ ಪ್ರಶ್ನೆ, ಆಲೆಮನೆಯಲ್ಲಿ ಹೇಳಿದಂತೆಯೇ ಉತ್ತರ, ಕೆಳಗೆ ಹೇಳಿದವರ ಹೆಸರು, ದಿನಾಂಕ, ಆ ದಿನದ ಕೊಪ್ಪರಿಗೆಯ ಚಿತ್ರ, ಕಬ್ಬು ಯಾರ ಗದ್ದೆಯದೆಂಬ ವಿವರ. ಆಲೆಮನೆಯ ವಿಳಾಸ ಮ್ಯಾಪಿನಲ್ಲಿ ಒಂದು ಮೈಲಿ ಆಚೆ ತೋರಿಸುತ್ತಿತ್ತು, ಅದನ್ನೂ ತಿದ್ದಿದಳು.

ಕಪ್ಪು ಬೆಲ್ಲವೇ ಶುದ್ಧ ಎಂದು ಒಂದು ಪುಟಕ್ಕೆ ತಲೆಬರಹ ಕೊಟ್ಟು ಓದಿ ಹೇಳಿದಾಗ ಮಂಗಳಮ್ಮ ಸೌಟು ಎತ್ತಿದಳು.

"ಇದೂ ಸುಳ್ಳೇ ಕಣಮ್ಮಿ. ಸೀದ್ರೂ ಕಪ್ಪಾಯ್ತದೆ. ಚೌಳು ಮಣ್ಣಿನ ಕಬ್ಬಾದ್ರೂ ಕಪ್ಪಾಯ್ತದೆ. ಅದ್ನೂ ಬರಿ."

"ನಮ್ಮ ಬೆಲ್ಲಕ್ಕೇ ಕಲ್ಲು ಹಾಕ್ದಂಗಾಗಲ್ವಾ ಅತ್ತೆ?"

"ನಿಜ ಏಳುದ್ರೆ ಒಡೆಯೋ ಬೆಲ್ಲ ಆದ್ರೆ ಒಡೀಲಿ ಬುಡು."

ರೂಪ ಅದನ್ನೂ ಬರೆದಳು. ಮುಂದಿನ ಪ್ರತಿ ಪಾರ್ಸಲಿಗೆ ಒಂದು ಚೀಟಿ ಬರೆದಿಟ್ಟಳು, ಅದನ್ನೇ ವೆಬ್‌ಸೈಟಿನಲ್ಲೂ ಹಾಕಿದಳು: ನಿಮಗನಿಸಿದ್ದನ್ನೇ ಬರೆಯಿರಿ, ಬೈಗುಳವಾದರೂ ಸರಿ. ಮೊದಲು ಬರೆದವರು ಪಂಕಜಮ್ಮ. ಪಾಯಸ ಮಾಡಿದರಂತೆ, ಹಾಲು ಒಡೆಯಲಿಲ್ಲವಂತೆ, ಆದರೆ ಒಂದು ಉಂಡೆಯಲ್ಲಿ ಕಬ್ಬಿನ ಸಿಪ್ಪೆಯ ಎಳೆ ಸಿಕ್ಕಿತಂತೆ. ಹತ್ತಕ್ಕೆ ಎಂಟು ಅಂಕ. ಸ್ವರೂಪನಾಗಿದ್ದರೆ ಆ ಎಳೆಯನ್ನು ಮರೆಸುತ್ತಿದ್ದ. ರೂಪ ಅದರ ಕೆಳಗೆ, ಸೋಸುವ ಬಟ್ಟೆ ಬದಲಾಯಿಸಿದ್ದೇವೆ ಮೇಡಂ, ಎಂದು ಬರೆದಳು, ಬದಲಾಯಿಸಿಯೂ ಇದ್ದಳು. ಪಂಕಜಮ್ಮ ತಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಆ ಪುಟಗಳನ್ನು ಕಳಿಸಿ, ಓದಿ ತಪ್ಪಿದ್ದರೆ ಹೇಳಿ ಎಂದು ಆಜ್ಞೆ ಮಾಡಿದರು. ಓದಿದವರು ಇನ್ನೊಬ್ಬರಿಗೆ ಕಳಿಸಿದರು. ಅಡುಗೆಯ ಬಗ್ಗೆ ಬರೆಯುವ ಇಬ್ಬರು ತಮ್ಮ ಬರಹಗಳಲ್ಲಿ ಈ ಪುಟದ ದಾರಿ ತೋರಿಸಿದರು. ಮಾರ್ಗಶಿರದ ಮೊದಲ ವಾರ ಫೋನು ಪುನಃ ಬಾಯಿಬಿಟ್ಟಿತು, ಆರ್ಡರುಗಳು ಬಂದವು. ಧನುರ್ಮಾಸದ ನಡುವೆ ಬೆಲ್ಲದ ಕೋಣೆಯ ಹಿಂದಿನ ಗೋಡೆ ಕಂಡಿತು.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಜಯಪ್ರಕಾಶ್ ಬಂದ. ಕಂಕುಳಲ್ಲಿ ಪುಡಿಯ ಚೀಲವಿತ್ತು.

"ಏನಕ್ಕ, ತೀರ್ಮಾನ ಆಯ್ತಾ?"

"ರೂಪಾ, ಇವನ್ಗೆ ತೋರ್ಸು," ಎಂದಳು ಮಂಗಳಮ್ಮ, ಪಾಕದಿಂದ ಕಣ್ಣು ತೆಗೆಯದೆ.

ರೂಪ ಫೋನನ್ನು ಅವನ ಕೈಗೇ ಕೊಟ್ಟು, "ನೀವೇ ಕೇಳಿ ಮಾವ, ಒಳ್ಳೆ ಬೆಲ್ಲ ಯಾವ ಬಣ್ಣ ಅಂತ," ಎಂದಳು. ಅವನು ಬಾಯಿಬಿಟ್ಟು ಕೇಳಿದ. ಉತ್ತರ ನೆತ್ತಿಯಲ್ಲಿ ಬಂತು: ರಾಸಾಯನಿಕ ಹಾಕದ ಬೆಲ್ಲ ಸಾಮಾನ್ಯವಾಗಿ ಕಂದು ಅಥವಾ ಕಪ್ಪಗಿರುತ್ತದೆ, ಆದರೆ ಬಣ್ಣವೊಂದರಿಂದಲೇ ಶುದ್ಧವೆನ್ನಲಾಗದು, ಪಾಕ ಸೀದಿದ್ದರೂ ಕಪ್ಪಾಗಬಹುದು. ಕೆಳಗೆ ಮೂರು ಹೆಸರುಗಳಿದ್ದವು. ಮಂಗಳಮ್ಮನದು ಎರಡನೆಯದು.

"ಎರಡ್ನೇದಾ?" ಎಂದ ಜಯಪ್ರಕಾಶ್, ಹಿಡಿದುಕೊಳ್ಳಲು ಏನಾದರೂ ಸಿಗಲಿ ಎಂಬಂತೆ.

"ಹೂಂ. ನಾಳೆ ಮೂರನೇದಾಗ್ಬೋದು, ಸರ್ಚ್ ಎಂಜಿನ್‌ನೋರು ಮತ್ತೆ ರೀತಿ ಬದಲಾಯಿಸ್ತಾರೆ. ನಾನೂ ದಿನಾ ಬರೀತೀನಿ. ಸುಳ್ಳಾದ್ರೆ ಪ್ರತಿ ಸಲ ಹೊಸದು ಕಟ್ಬೇಕು ಮಾವ. ಇದಾದ್ರೆ ಅತ್ತೆ ಹೇಳಿದ್ದನ್ನ ಬರೆದ್ರೆ ಆಯ್ತು."

ಮಂಗಳಮ್ಮ ಪಾಕದ ಒಂದು ಸೌಟನ್ನು ಎಲೆಯ ಮೇಲೆ ಸುರಿದು ತಮ್ಮನ ಮುಂದಿಟ್ಟಳು. "ತಿನ್ನು. ನಿಂಗೂ ಬೆಲ್ಲ ಬೇಕಾದ್ರೆ ಇದೇ ಬಣ್ಣದ್ದ ತಗೊಂಡೋಗು. ಆ ಚೀಲವ ಮಾತ್ರ ಈಚೆ ಕಡೀಕೆ ಮಡಗ್ಬೇಡ, ದನ ನೆಕ್ಬುಟ್ಟಾವು."

ಜಯಪ್ರಕಾಶ್ ತಿಂದ. ಬೆರಳನ್ನೂ ನೆಕ್ಕಿದ. ಹೋಗುವಾಗ ಚೀಲ ಮತ್ತೆ ಅವನ ಕಂಕುಳಲ್ಲಿಯೇ ಇತ್ತು, ಕೈಯಲ್ಲಿ ಎರಡು ಕಪ್ಪು ಉಂಡೆಗಳಿದ್ದವು.

ಮಳವಳ್ಳಿಯ ಒಬ್ಬ ಶಿಕ್ಷಕಿ ಕೆಳಗಿಳಿದು ಹೆಸರು ನೋಡಿದ್ದರಿಂದ ಒಂದು ಕೊಪ್ಪರಿಗೆ ಉಳಿಯಿತು. ಆಕೆಯ ಹಾಗೆ ಕೆಳಗಿಳಿಯಲು ನಿಮಗೇನು ಅಡ್ಡಿ? ಇವತ್ತೇ ಫೋನು ತೆಗೆಯಿರಿ. ನೆತ್ತಿಯ ಉತ್ತರವನ್ನು ದಾಟಿ, ಅದು ಯಾರಿಂದ ಬಂತೋ ಅವರ ಬಾಗಿಲು ತಟ್ಟಿ ಒಳಗೆ ಓದಿರಿ. ಬಳಿಕ, ನಿಮಗೆ ಒಳ್ಳೆಯ ಸಾಮಾನು ಕೊಟ್ಟ ಯಾವುದಾದರೂ ಸಣ್ಣ ಅಂಗಡಿಯೊಂದರ ಪುಟಕ್ಕೆ ಹೋಗಿ, ಸಿಪ್ಪೆಯ ಎಳೆ ಸಿಕ್ಕಿದ್ದರೆ ಅದನ್ನೂ ಸೇರಿಸಿ, ನಿಮ್ಮ ಸ್ವಂತ ಹೆಸರಿನಲ್ಲಿ ನಾಲ್ಕು ನಿಜ ಸಾಲು ಬರೆಯಿರಿ.