ಡೇಲಿಲಿ ಬೀಜದ ಒದ್ದೆ ಬಟ್ಟೆ

ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ, ಸೊಪ್ಪಿನ ಚೀಲಗಳ ಹಿಂದೆ ಆ ಡಬ್ಬಿ ಹಾಗೇ ಇತ್ತು. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಡೇಲಿಲಿ ಹೂಗಿಡದ ಬೀಜ. ಕರ್ರಗೆ, ಮೆಣಸಿನಕಾಳಿನಷ್ಟು, ಮಿರಮಿರ ಮಿಂಚುವಂಥವು. ಹಳದಿ ಹೂವಿನ ಪರಾಗವನ್ನು ಕೆಂಪು ಹೂವಿಗೆ ತನ್ನ ಕೈಯಾರೆ ಸವರಿ ಅವಳ ಗಂಡ ಪಡೆದ ಬೀಜ. ಬಿತ್ತುವ ಮುಂಚೆ ಅವಕ್ಕೆ ಒಂದಿಷ್ಟು ಕಾಲ ಚಳಿ ಬೇಕು, ಬಟ್ಟೆ ಒಣಗಕೂಡದು, ಬಿಳಿ ಬೇರು ಇಣುಕಿದ ಕೂಡಲೇ ಕುಂಡಕ್ಕೆ ಹಾಕಬೇಕು ಎನ್ನುತ್ತಿದ್ದ.

"ತರಕಾರಿಗೇ ಜಾಗ ಇಲ್ಲ, ಇವನ ಬೀಜಕ್ಕೆ ಚಳಿಗಾಲ ಬೇಕಂತೆ!" ಎಂದು ಅತ್ತೆ ಮಗನನ್ನು ರೇಗಿಸುತ್ತಿದ್ದರು. "ಹೂವುಗಳ ಮದುವೆ ದಲ್ಲಾಳಿ ಕಣೋ ನೀನು."

ಕೆಲಸಕ್ಕೆಂದು ಬೈಕಿನಲ್ಲಿ ಹೊರಟ ದಲ್ಲಾಳಿ ತಿರುಗಿ ಬರಲಿಲ್ಲ; ಅಪಘಾತದ ಸುದ್ದಿ ಬಂತು. ಮನೆಯಲ್ಲಿ ಉಳಿದದ್ದು ಅತ್ತೆ, ಸೊಸೆ ಇಬ್ಬರೇ.

ಸೊಸೆಗೆ ಡಬ್ಬಿ ಮುಟ್ಟಲು ಕೈ ಬರಲಿಲ್ಲ. ಕೊನೆಗೊಂದು ಬೆಳಿಗ್ಗೆ, ಹೇಗೂ ಒಣಗಿಹೋಗಿರುತ್ತದೆ, ಎಸೆದುಬಿಡೋಣ ಎಂದು ತೆರೆದಳು. ಬಟ್ಟೆ ಒದ್ದೆಯಾಗಿತ್ತು. ಅವನು ಬೆರಳದ್ದಿ ನೀರು ಚಿಮುಕಿಸುತ್ತಿದ್ದನಲ್ಲ, ಹಾಗೆ.

ಮರುದಿನವೂ ಒದ್ದೆ. ಅದರ ಮರುದಿನವೂ. ಅವಳು ಯಾರಿಗೂ ಹೇಳಲಿಲ್ಲ. ಬಾಯಿ ಬಿಟ್ಟರೆ ಅವನು ಬರುವುದನ್ನು ನಿಲ್ಲಿಸಿಬಿಟ್ಟಾನು ಎಂಬ ಭಯ. ಬೆಳಗಾದರೆ ಹಾಲಿಗೆಂದು ಫ್ರಿಜ್ ತೆರೆದು, ಬಟ್ಟೆ ಮುಟ್ಟಿ, ಮುಚ್ಚುತ್ತಿದ್ದಳು. ಅದರ ಬಲದಲ್ಲೇ ದಿನ ದೂಡುತ್ತಿದ್ದಳು.

ಆಮೇಲೆ ಅತ್ತೆ ಮಗಳ ಮನೆಗೆ ಹೋದರು. ಮೊದಲು ಬಟ್ಟೆಯ ಅಂಚು ಬಿಳಿಚಿಕೊಂಡಿತು. ವಾರ ಕಳೆಯುವಷ್ಟರಲ್ಲಿ ಇಡೀ ಬಟ್ಟೆ ಕೈಗೆ ಗರಿಗರಿ ಎಂದಿತು.

ಇಷ್ಟು ದಿನ ನೀರು ಹಾಕುತ್ತಿದ್ದುದು ಅತ್ತೆ. ಅವನು ಬಂದಿರಲೇ ಇಲ್ಲ.

ಫ್ರಿಜ್ಜಿನ ಬಾಗಿಲು ತೆರೆದಿಟ್ಟೇ ಲೋಟದಲ್ಲಿ ನೀರು ತಂದಳು. ಆಮೇಲೆ ಬೆರಳದ್ದಿ ನೀರು ಚಿಮುಕಿಸಿದಳು. ಮುಂದೆ ದಿನವೂ ಚಿಮುಕಿಸಿದಳು.

ಅತ್ತೆ ಬಂದವರೇ ಕೈಚೀಲವನ್ನೂ ಕೆಳಗಿಡದೆ ಫ್ರಿಜ್ಜಿಗೆ ನಡೆದರು. ಡಬ್ಬಿ ತೆರೆದು ಬಟ್ಟೆಯನ್ನು ಮತ್ತೆ ಮತ್ತೆ ಒತ್ತಿ ನೋಡಿದರು.

"ಏನಾಯ್ತು ಅತ್ತೆ?"

"ದಿನಾ ನಾನೇ ಕಣೆ ನೀರು ಹಾಕ್ತಿದ್ದೆ. ನೀನಂತೂ ಆ ಕಡೆ ತಿರುಗೀನೂ ನೋಡಲ್ಲ. ಫೋನಲ್ಲಿ ಹೇಳೋಣ ಅಂದ್ರೆ ನಿನ್ನ ಹತ್ರ ಅದರ ಮಾತೆತ್ತೋಕೆ ಬಾಯಿ ಬರ್ಲಿಲ್ಲ. ಎಲ್ಲಾ ಒಣಗಿಹೋಯ್ತು ಅಂತ ಅಲ್ಲಿ ತುತ್ತು ಇಳೀಲಿಲ್ಲ ನಂಗೆ. ಮುಟ್ಟಿ ನೋಡು, ಹಸಿಹಸಿ ಇದೆ." ದನಿ ತಗ್ಗಿಸಿದರು. "ನೀನೇನಾದ್ರೂ ಮುಟ್ಟಿದ್ಯಾ?"

ಸೊಸೆ ಅವರ ಮುಖ ನೋಡಿದಳು. ಅಷ್ಟೂ ದಿನ ಬೆಳಿಗ್ಗೆ ತನ್ನ ಮುಖವೂ ಹೀಗೇ ಇದ್ದಿರಬೇಕು.

"ಇಲ್ಲ ಅತ್ತೆ."

"ಹಾಗಾದ್ರೆ ಬಂದಿದ್ದಾನೆ."

ಬಟ್ಟೆಯ ಮಡಿಕೆಯಲ್ಲಿ ಒಂದು ಬೀಜದಿಂದ ಬೇರು ಇಣುಕಿತ್ತು, ಅಕ್ಕಿ ನುಚ್ಚಿನಷ್ಟು, ಬೆಳ್ಳಗೆ. ಇಬ್ಬರೂ ನೋಡಿದರು.

"ಕುಂಡಕ್ಕೆ ಹಾಕ್ಬೇಕಲ್ವೇನೆ?"

"ಇನ್ನೆರಡು ದಿನ ಇರ್ಲಿ ಅತ್ತೆ."

ಅತ್ತೆ ತಾವೇ ಮುಚ್ಚಳ ಹಾಕಿದರು.

ಮರುದಿನ ಬೆಳಿಗ್ಗೆ ಬಟ್ಟೆ ತೊಟ್ಟಿಕ್ಕುವಷ್ಟು ಒದ್ದೆಯಾಗಿತ್ತು. ಅವಳು ಮುಟ್ಟಿರಲಿಲ್ಲ. ಅತ್ತೆಯನ್ನು ಕೇಳಲೂ ಇಲ್ಲ.