ಸಮುದ್ರ ಬತ್ತುವ ತಿಂಗಳು

ಈಗ ಹೇಳಿಬಿಟ್ಟರೆ ಇಲ್ಲೇ ನಗುತ್ತಾರೆ. ಹೇಳದೆ ಹೋದರೆ ಅಲ್ಲಿ, ಸಮುದ್ರದ ಮುಂದೆ ನಿಲ್ಲಿಸಿಕೊಂಡು ನಗುತ್ತಾರೆ. ಇಲ್ಲಿ ನಗುವವರು ನಾಲ್ಕೇ ಜನ, ಹಾಗಾದರೆ ಇಲ್ಲೇ ವಾಸಿಯೆ? ಅಥವಾ ಹೋಗುವುದನ್ನೇ ತಪ್ಪಿಸುವ ದಾರಿ ಏನಾದರೂ ಇದೆಯೆ? ಶ್ಯಾಮಣ್ಣ ಯೋಚಿಸುತ್ತಲೇ ನೆನೆದ ಅವರೆಕಾಳೊಂದನ್ನು ಹಿತುಕಿದ. ಬೇಳೆ ಪಾತ್ರೆಗೆ ಬೀಳದೆ ಮಗನ ಮೊಣಕಾಲಿಗೆ ಹಾರಿತು.

"ಅಪ್ಪಾ, ಗುರಿ ನೋಡ್ಕೊಂಡು ಹಿತುಕು," ಎಂದ ಗೋಪಿನಾಥ್.

ಸಾನಮಾವು ಎಂಬ ಹಳ್ಳಿಯ ಆ ಮನೆಯ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಐದು ಜನ ದುಂಡಗೆ ಕೂತಿದ್ದರು. ಶ್ಯಾಮಣ್ಣ, ಹೆಂಡತಿ ಪಾರ್ವತಮ್ಮ, ಮಗ ಗೋಪಿ, ಸೊಸೆ ವನಿತಾ. ಐದನೆಯವನು ಜಗನ್, ಮೂಕಂಡಪಲ್ಲಿಯ ಕಾರ್ಖಾನೆಯಲ್ಲಿ ಗೋಪಿಯ ಶಿಫ್ಟಿನವನೇ, ಊರು ಕುಮಟಾ ಕಡೆ. ಹಿತುಕಿದ ಬೇಳೆ ಸಾರು ಉಣ್ಣಲು ಬಂದವನನ್ನೂ ಪಾರ್ವತಮ್ಮ ಹಿತುಕಲು ಕೂರಿಸಿದ್ದಳು. ಅವನು ಒಂದು ಕೈಯಲ್ಲಿ ಹಿತುಕುತ್ತ, ಇನ್ನೊಂದರಲ್ಲಿ ಫೋನು ಹಿಡಿದು ತನ್ನೂರ ದಡದ ಗವಿ ತೋರಿಸಿದ. ಬಂಡೆಯ ಬುಡವನ್ನು ಸಮುದ್ರವೇ ಕೊರೆದು ಮಾಡಿದ ಗವಿ. ಒಳಗೆ ನಿಂತು ನೋಡಿದರೆ ಆಚೆಗೆ ನೀರು ಬಿಟ್ಟು ಬೇರೇನಿಲ್ಲ. ಪಾರ್ವತಮ್ಮ ಆ ವಿಡಿಯೊವನ್ನು ಮೂರು ಸಲ ಹಾಕಿಸಿಕೊಂಡಳು.

"ನಾನು ಇದರೊಳಗೆ ಒಂದ್ಸಲ ನಿಂತ್ಕೋಬೇಕು," ಎಂದಳು.

ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಅವಳು ಬಾಯಿಬಿಟ್ಟು ಹೋಗಬೇಕೆಂದ ಜಾಗ ಇದೊಂದೇ. ಶ್ಯಾಮಣ್ಣನ ಕಷ್ಟ ಶುರುವಾದದ್ದೂ ಅಲ್ಲಿಂದಲೇ.

ಯಾಕೆಂದರೆ ಊರಿನಲ್ಲಿ ಅವನು ಸಮುದ್ರ ನೋಡಿ ಬಂದವನು. ಇಪ್ಪತ್ತರ ವಯಸ್ಸಿನಲ್ಲಿ ಟೊಮೆಟೊ ಲಾರಿ ಹತ್ತಿ ಮಂಗಳೂರಿಗೆ ಹೋಗಿದ್ದ; ಅಷ್ಟು ನಿಜ. ಮಂಡಿಯಲ್ಲಿ ಕುಕ್ಕೆಗಳನ್ನು ಇಳಿಸಿ, ಸುಸ್ತಾಗಿ ಲಾರಿಯಲ್ಲೇ ಮಲಗಿದವನು ಎದ್ದಾಗ ಲಾರಿ ವಾಪಸ್ಸು ಹಾಸನ ದಾಟಿತ್ತು. ಹೆಣ್ಣು ನೋಡಲು ಹೋದ ದಿನ ಪಾರ್ವತಮ್ಮ, "ಸಮುದ್ರ ನೋಡಿದೀರಾ?" ಎಂದು ಕೇಳಿದ್ದಕ್ಕೆ "ಹ್ಞೂ" ಎಂದುಬಿಟ್ಟ. ಆ 'ಹ್ಞೂ' ಮಗನಿಗೆ ಕತೆಯಾಯಿತು, ಅರಳಿಕಟ್ಟೆಯಲ್ಲಿ ಪದವಿಯಾಯಿತು. ಈಗ ಇಳಿಯಲು ಮೆಟ್ಟಿಲೇ ಕಾಣುತ್ತಿರಲಿಲ್ಲ.

"ನೀರು ಇಳಿದಾಗ ಮಾತ್ರ ಗವಿ ಒಳಗೆ ಹೋಗೋಕೆ ಆಗ್ತದೆ," ಎಂದ ಜಗನ್.

"ಅದನ್ನ ಅಪ್ಪನ್ನ ಕೇಳು. ನಮ್ಮೂರಿಗೆ ಸಮುದ್ರದ ಆಫೀಸರ್ರು ಅಪ್ಪಾನೆ," ಎಂದ ಗೋಪಿ. "ಯಾವಾಗ ಹೋಗೋಣ, ಹೇಳಪ್ಪ."

ನೀರು ಇಳಿಯುವುದು ಎಂದದ್ದೇ ಶ್ಯಾಮಣ್ಣನಿಗೆ ಜೀವ ಬಂದಂತಾಯಿತು. ಹುಟ್ಟಿದಾಗಿನಿಂದ ಕೆರೆಯ ನೀರು ನೋಡಿಯೇ ಬಿತ್ತಿದವನು ಅವನು. ನೀರು ಯಾವಾಗ ಇಳಿಯುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜೊತೆಗೆ, ಮೂರು ತಿಂಗಳು ಮುಂದೆ ಹಾಕಿದರೆ ಅಷ್ಟರಲ್ಲಿ ಎಲ್ಲರೂ ಮರೆತರೂ ಮರೆತಾರು.

"ಈಗ ಬ್ಯಾಡ," ಎಂದ. "ಈಗಿನ್ನೂ ಮಳೆ ನೀರು ತುಂಬ್ಕೊಂಡಿರ್ತದೆ. ಯುಗಾದಿ ಕಳೀಲಿ. ಬಿಸ್ಲು ಬಿದ್ರೆ ಚೆನ್ನಾಗಿ ಬತ್ತೋಗ್ತದೆ. ಗವಿ ಬಾಯಿಗಂಟ ಒಣಗಿರ್ತದೆ, ಚಪ್ಲಿ ಹಾಕ್ಕೊಂಡೇ ಹೋಗ್ಬೋದು."

ಎಲ್ಲರ ಬೆರಳೂ ನಿಂತವು. ಹಿತುಕುವಾಗಿನ ಪಿಚಕ್ ಪಿಚಕ್ ಸದ್ದು ಇಷ್ಟು ಹೊತ್ತು ಇತ್ತೆಂದು ತಿಳಿದದ್ದೇ ಅದು ನಿಂತಾಗ.

"ಯಾವುದು ಬತ್ತೋದು, ಯಜಮಾನ್ರೆ?" ಜಗನ್ ಮೆಲ್ಲಗೆ ಕೇಳಿದ.

"ಸಮುದ್ರ."

ವನಿತಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ಗೋಪಿಗೆ ಆ ಸೌಜನ್ಯವೂ ಇರಲಿಲ್ಲ. "ಅಪ್ಪಾ, ತೂಬು ಯಾವ ಕಡೆ ಐತೆ?"

"ಹೂಳು ತೆಗೆಯೋರು ಯಾರು ಮಾವಾ, ಪಂಚಾಯ್ತಿಯೋರಾ?" ಸೊಸೆಯೂ ಸೇರಿಕೊಂಡಳು.

"ನಗ್ರಲಾ, ನಗ್ರಿ. ಅಷ್ಟು ದೊಡ್ಡ ಕೆಲವರಪಲ್ಲಿ ಡ್ಯಾಮೇ ಇಳೀತದೆ, ಇದು ಇಳಿಯಲ್ವಾ?"

"ಇಳಿಯೋದು ನಿಜ," ಜಗನ್ ನಗು ತಡೆದುಕೊಂಡು ಹೇಳಿದ. "ಆದ್ರೆ ದಿನಕ್ಕೆ ಎರಡು ಸಲ ಇಳೀತದೆ, ಎರಡು ಸಲ ಏರ್ತದೆ. ಮಳೆಗಾಲ, ಬೇಸಿಗೆ ಅಂತಿಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಇನ್ನೂ ಚೆನ್ನಾಗಿ ಇಳೀತದೆ. ಆಗ ಒಂದೆರಡು ಗಂಟೆ ಒಳಗೆ ಇರಬಹುದು."

"ದಿನಕ್ಕೆ ಎಲ್ಡು ಸಲವಾ!" ಎಂದು ಶ್ಯಾಮಣ್ಣನ ಬಾಯಿಂದ ಜಾರಿತು. ಕೂಡಲೇ ಸಾವರಿಸಿಕೊಂಡ. "ಅದು ನಿಮ್ಮ ಕಡೆ. ಮಂಗ್ಳೂರು ಕಡೆ ಬ್ಯಾರೆ."

"ಎರಡೂ ಒಂದೇ ಸಮುದ್ರ, ಯಜಮಾನ್ರೆ."

"ಶಿಫ್ಟು ಬ್ಯಾರೆ ಇರ್ಬೇಕು, ಬಿಡು," ಎಂದ ಗೋಪಿ.

ವನಿತಾ ಗೋಡೆಯ ಕ್ಯಾಲೆಂಡರ್ ನೋಡಿ ಬಂದಳು. ಅಮಾವಾಸ್ಯೆಗೆ ಇನ್ನು ಹನ್ನೆರಡೇ ದಿನ. ಶ್ಯಾಮಣ್ಣ ಕೊನೆಯ ಪ್ರಯತ್ನ ಮಾಡಿದ. "ಅಮಾಸೆ ದಿನ ಯಾರಾದ್ರೂ ಪ್ರಯಾಣ ಮಾಡ್ತಾರಾ? ಅಲ್ದೆ ರಾಗಿ ಇನ್ನೂ ಕಣದಲ್ಲೈತೆ. ಆನೆ ಬಂದ್ರೆ?"

"ನಿಮ್ಮ ಅಕ್ಕನ ಮನೆಗೆ ಹೋಗ್ಬೇಕಾದ್ರೆ ಆನೆ ಬರಲ್ಲ," ಎಂದಳು ಪಾರ್ವತಮ್ಮ. "ನನ್ನ ತವರಿಗೆ ಹೋಗ್ಬೇಕಾದ್ರೆ ಬತ್ತವೆ. ಈಗ ಸಮುದ್ರಕ್ಕೆ ಅಂದ್ರೂ ಬತ್ತವೆ. ಆನೆಗೂ ನಿಮಗೂ ಏನೋ ಒಳ ಮಾತಾಗೈತೆ."

ಜಗಲಿಯೆಲ್ಲ ನಕ್ಕಿತು. ಶ್ಯಾಮಣ್ಣನೂ ನಕ್ಕ. ಆದರೆ ಕಾಳು ಮುಗಿದಿದ್ದರೂ ಅವನ ಕೈ ಹುಡುಕುತ್ತಲೇ ಇತ್ತು. ಅದನ್ನು ನೋಡಿದ ಪಾರ್ವತಮ್ಮ, "ಸಾಕು, ಸಾರಿಗೆ ಹೊತ್ತಾಯ್ತು," ಎಂದು ಮಾತು ಮುಗಿಸಿದಳು.

ಊಟವಾದ ಮೇಲೆ ಗೋಪಿ, ಜಗನ್ ಜಗಲಿಯಲ್ಲಿ ಅಡ್ಡಾದರು. ಹಿತ್ತಲಲ್ಲಿ ಪಾರ್ವತಮ್ಮ ಪಾತ್ರೆ ತೊಳೆಯುತ್ತಿದ್ದಳು. ಶ್ಯಾಮಣ್ಣ ಹೋಗಿ ತೊಟ್ಟಿಯ ಪಕ್ಕದಲ್ಲಿ ನಿಂತ.

"ಪಾರ್ವತಿ, ನೀವೆಲ್ಲ ಹೋಗ್ಬನ್ನಿ. ನಾನು ಬರಲ್ಲ. ನಾನು..."

"ಗೊತ್ತು," ಎಂದಳು ತಿರುಗದೆ.

"ಏನು ಗೊತ್ತು?"

"ನೀವು ನೋಡಿಲ್ಲ ಅಂತ. ಗೋಪಿ ಹುಟ್ಟಿದ ವರ್ಷದಿಂದ್ಲೇ ಗೊತ್ತು. ಸಮುದ್ರದ ಸದ್ದು ಹೆಂಗಿರ್ತದೆ ಅಂತ ಕೇಳ್ದೆ. ಸದ್ದೇನೂ ಇಲ್ಲ, ನಮ್ಮ ಕೆರೆ ಇದ್ದಂಗೆ ತಣ್ಣಗಿರ್ತದೆ ಅಂದ್ರಿ. ಆಮೇಲೆ ನಮ್ಮಣ್ಣ ಚಲಪತಿ ಮದ್ರಾಸಿಗೆ ಹೋಗ್ಬಂದು, ಅಲೆ ಸದ್ದಿಗೆ ಪಕ್ಕದೋರ ಮಾತೂ ಕೇಳಿಸಲ್ಲ ಅಂದ."

ನಲ್ಲಿಯ ನೀರು ಪಾತ್ರೆ ತುಂಬಿ ಹರಿಯಿತು. ಇಬ್ಬರೂ ಅದನ್ನು ನಿಲ್ಲಿಸಲಿಲ್ಲ.

"ಮತ್ತೆ ಇಷ್ಟು ವರ್ಷ ಸುಮ್ನಿದ್ಯಲ್ಲ?"

"ಚೆನ್ನಾಗಿ ಹೇಳ್ತಿದ್ರಿ. ಮೀನು ಇಷ್ಟುದ್ದ ಅಂತ ಕೈ ಬೇರೆ ಅಗಲಿಸ್ತಿದ್ರಿ. ನಾನ್ಯಾಕೆ ಕೆಡಿಸ್ಲಿ?" ನಲ್ಲಿ ತಿರುಗಿಸಿ ಅವನ ಕಡೆ ನೋಡಿದಳು. "ನೀವು ಬರ್ದಿದ್ರೆ ನಾನೂ ಹೋಗಲ್ಲ. ನೋಡಿರೋರ ಜತೆ ಹೋದ್ರೆ ಅವರು ತೋರಿಸೋದನ್ನ ನೋಡ್ಬೇಕು. ನಿಮ್ಮ ಜತೆಯಾದ್ರೆ ಇಬ್ರೂ ಒಂದೇ ಸಲ ನೋಡ್ಬೋದು. ಗೋಪಿಗೆ ನಾನೇನೂ ಹೇಳಲ್ಲ, ಹೆದರ್ಕೋಬ್ಯಾಡಿ."

ಶ್ಯಾಮಣ್ಣ ಸರಿಯೆಂದು ತಲೆ ಆಡಿಸಿದ.

"ಒಂದು ಮಾತ್ರ ಹೇಳಿ. ನನ್ನ ನೋಡೋಕೆ ಬಂದ ದಿನ ಯಾಕೆ ಹ್ಞೂ ಅಂದ್ರಿ?"

ಅವನು ಬೇಲಿಯತ್ತ ನೋಡಿದ. ಬೇಲಿಯಾಚೆ ಕಣದಲ್ಲಿ ರಾಗಿ ಮೆದೆ ಬಿಸಿಲಿಗೆ ಸುಮ್ಮನೆ ನಿಂತಿತ್ತು.

"ಏನೋ, ಬಾಯಿಗೆ ಬಂತು. ಅಂದ್ಬುಟ್ಟೆ."

"ಅಷ್ಟೇನಾ?"

"ಅಷ್ಟೇ."

ಅವಳು ತೊಳೆದ ಪಾತ್ರೆಗಳನ್ನು ಅವನ ಕೈಗೆ ಪೇರಿಸಿದಳು. ಅವನು ಅವನ್ನು ಒಳಗಿಟ್ಟು ಜಗಲಿಗೆ ಬಂದು, ಮಲಗಿದ್ದ ಮಗನನ್ನು ಕಾಲಿನಿಂದ ತಟ್ಟಿದ. "ಏಳ್ಲಾ. ಆ ಅಮಾಸೆಗೇ ಲೀವು ಹಾಕು. ಕಣ ನೋಡ್ಕೊಳ್ಳೋಕೆ ಪಕ್ಕದ ಪಿಳ್ಳಮ್ಮನ ಮನೆಯೋರಿಗೆ ಹೇಳ್ತೀನಿ."

ಹೆಣ್ಣು ನೋಡಲು ಹೋದ ಆ ದಿನ ಪಾರ್ವತಮ್ಮ ಅವನನ್ನು ಕೇಳಿದ್ದು ಅದೊಂದೇ ಪ್ರಶ್ನೆ. ಇಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿದು ಅವಳು ಒಳಗೆ ಹೋಗಿಬಿಡುತ್ತಿದ್ದಳು. ಇನ್ನೂ ಸ್ವಲ್ಪ ಹೊತ್ತು ನಿಂತಿರಲಿ ಎಂದು ಅವನು ಹ್ಞೂ ಎಂದಿದ್ದ. ಅದನ್ನು ಮಾತ್ರ ಅವನು ಅವಳಿಗೆ ಎಂದೂ ಹೇಳಲಿಲ್ಲ.