ದೊರೆಯ ಮುನಿಸು

ಬೆಕ್ಕಿನ ಕುತ್ತಿಗೆಯ ಹಿಂದೆ ಕೂದಲಿನ ಒಂದು ಚುಂಗು ಅಂಟು ಹಿಡಿದು ಮುಳ್ಳಿನ ಹಾಗೆ ನಿಂತಿತ್ತು. ಮೂವತ್ತು ವರ್ಷದಿಂದ ಕಂಡಕಂಡವರ ತಲೆಯಲ್ಲೇ ಕೈಯಾಡಿಸಿದ ಕ್ಷೌರಿಕನ ಕಣ್ಣಿಗೆ ಇಂಥದ್ದು ಬೀಳದೆ ಇರುವುದುಂಟೇ? ಬಾಚಣಿಗೆಯಿಂದ ಬಿಡಿಸಿ ನೋಡಿದ. ನಿನ್ನೆ ಹಾಕಿದ ಔಷಧಿಯೆಲ್ಲ ಕೂದಲ ತುದಿಯಲ್ಲೇ ಒಣಗಿಹೋಗಿತ್ತು.

"ಅಕ್ಕಾ, ನಿನ್ನೆ ಇದನ್ನ ಹೇಗೆ ಹಾಕ್ದೆ?"

ಅಕ್ಕ ಒಲೆಯ ಕಡೆಯಿಂದ ತಿರುಗದೆಯೇ ನಡೆದದ್ದು ಹೇಳಿದಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದ ಅವಳಿಗೆ ಈ ಬೆಕ್ಕೇ ಜೀವ. ದೊರೆ ಎಂದು ಹೆಸರಿಟ್ಟು ಮಡಿಲಲ್ಲೇ ಸಿಂಹಾಸನ ಕೊಟ್ಟಿದ್ದಳು. ಆದರೆ ತಿಂಗಳಿಗೊಮ್ಮೆ ಆ ಔಷಧಿ ತಣ್ಣಗೆ ಕುತ್ತಿಗೆಗೆ ತಾಗಿತೋ, ದೊರೆಗೆ ಮುನಿಸು. ಎರಡು ದಿನ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಅದಕ್ಕೇ ಅವಳೊಂದು ಉಪಾಯ ಹೂಡಿದ್ದಳು: ಅದು ತಟ್ಟೆಯಲ್ಲಿ ಮೈಮರೆತಿರುವಾಗ ಕಳ್ಳಹೆಜ್ಜೆಯಲ್ಲಿ ಹಿಂದಿನಿಂದ ಹೋಗಿ, ಮೇಲಿನಿಂದಲೇ ನಾಲ್ಕು ಹನಿ ಬಿಟ್ಟು, ಏನೂ ಅರಿಯದವಳ ಹಾಗೆ ಕಿಟಕಿಯಾಚೆ ನೋಡುತ್ತ ನಿಂತುಬಿಡುವುದು. ಯಾರ ಕೈ ಎಂದು ಅದಕ್ಕೆ ಗೊತ್ತಾಗಬಾರದು, ಅಷ್ಟೇ. ಮೂರು ತಿಂಗಳಿಂದ ಹೀಗೇ ನಡೆದಿದೆ ಎಂದು ಕೇಳಿ ತಮ್ಮ ಬೆರಳು ಮಡಿಚಿ ಆ ತಿಂಗಳುಗಳನ್ನು ಎಣಿಸಿದ.

ಸೊಳ್ಳೆಗಳೇ ಕಾರುಬಾರು ಮಾಡಿದ ಮೂರು ತಿಂಗಳು ಅವು. ಕಚ್ಚಿದ ಸೊಳ್ಳೆಯಿಂದ ಮರಿಹುಳು ಒಳಗೆ ಹೊಕ್ಕು, ಹೃದಯಕ್ಕೂ ಶ್ವಾಸಕೋಶಕ್ಕೂ ಹೋಗಿ ಬೆಳೆಯುತ್ತದೆ, ಬೆಳೆದ ಮೇಲೆ ಬೆಕ್ಕಿಗೆ ಕೊಡಬಹುದಾದ ಔಷಧಿಯೇ ಇಲ್ಲ, ಅದು ಬೆಳೆಯದಂತೆ ತಡೆಯುವುದೇ ತಿಂಗಳಿಗೊಮ್ಮೆಯ ಈ ಹನಿ ಎಂದು ಪಶು ಆಸ್ಪತ್ರೆಯ ಡಾಕ್ಟರು ಮೊದಲೇ ಹೇಳಿದ್ದರು. ಮನೆ ಬಿಟ್ಟು ಕದಲದ ಬೆಕ್ಕು ಎಂದು ಸೊಳ್ಳೆ ದಯೆ ತೋರಿಸುತ್ತದೆಯೇ? ಪಕ್ಕದ ದರ್ಜಿಯ ಬೆಕ್ಕೂ ಹೊಸಿಲು ದಾಟಿದ್ದಲ್ಲ. ಅದು ಕೆಮ್ಮಿದಾಗ ಗಂಟಲಲ್ಲಿ ಕೂದಲು ಸಿಕ್ಕಿರಬೇಕು ಎಂದುಕೊಂಡರು, ಒಂದು ಬೆಳಿಗ್ಗೆ ನೋಡಿದರೆ ಅದರಲ್ಲಿ ಜೀವವೇ ಇರಲಿಲ್ಲ.

ಬೈಯಲೆಂದು ಬಾಯಿ ತೆರೆದವನು ಅಕ್ಕನ ಮುಖ ನೋಡಿ ಅಂಗಿ ತೊಟ್ಟುಕೊಂಡ. ಅಂಗಡಿಯ ಬಾಗಿಲು ತೆರೆಯದೆ ದೊರೆಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ನಡೆದ. ರಕ್ತ ಪರೀಕ್ಷೆಯ ಫಲಿತಾಂಶಕ್ಕೆ ಮೂರು ದಿನ ಹಿಡಿಯಿತು. ಅಷ್ಟೂ ದಿನ ದೊರೆ ಒಂದು ಸೀನು ಸೀನಿದರೂ ಅಕ್ಕ ಕೈಯಲ್ಲಿದ್ದದ್ದು ಬಿಟ್ಟು ಓಡಿ ಬರುತ್ತಿದ್ದಳು. ತನ್ನಿಂದಲೇ ಇದಕ್ಕೇನಾದರೂ ಆದರೆ ಎಂಬ ಭಯಕ್ಕೆ ಅವಳಿಗೆ ಅನ್ನ ಸೇರಲಿಲ್ಲ.

ಸದ್ಯಕ್ಕೇನೂ ಕಾಣುತ್ತಿಲ್ಲ, ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ ಎಂದರು ಡಾಕ್ಟರು. ಔಷಧಿ ಚರ್ಮಕ್ಕೇ ತಾಗಬೇಕು ಎಂದು ಎರಡೆರಡು ಸಲ ಹೇಳಿ, ಮುಂದಿನ ತಿಂಗಳು ಅದನ್ನು ಹಾಕುವ ತಾರೀಕು ಬರೆದುಕೊಟ್ಟರು.

ಆ ತಾರೀಕು ಬಂದಾಗ ಕ್ಷೌರಿಕ ಬಾಚಣಿಗೆ ಹಿಡಿದೇ ಕೂತ. "ಕೊಡಿಲ್ಲಿ, ನಾನ್ ಹಾಕ್ತೀನಿ. ಮುನಿಸ್ಕೊಂಡ್ರೆ ನನ್ ಮೇಲೆ ಮುನಿಸ್ಕೊಳ್ಳಲಿ."

"ನೀನು ಬೈತಲೆ ತೆಗಿ ಸಾಕು," ಎಂದಳು ಅಕ್ಕ.

ಅವನು ಕೂದಲನ್ನು ಎರಡು ಕಡೆಗೆ ಬಾಚಿ ಹಿಡಿದ. ನಡುವೆ ನಸುಗೆಂಪು ಚರ್ಮ ಗೆರೆಯಾಗಿ ಕಂಡಿತು. ಅಕ್ಕ ಹಿಂದಿನಿಂದ ಬರಲಿಲ್ಲ. ಎದುರಿಗೇ ಕೂತು, "ದೊರೆ, ನಾನೇ ಕಣೋ," ಎಂದು ಅದರ ಕಣ್ಣಲ್ಲಿ ಕಣ್ಣಿಟ್ಟು ಹೇಳಿ, ಟ್ಯೂಬಿನ ಮೂತಿಯನ್ನು ಆ ಗೆರೆಗೆ ಒತ್ತಿ ಹಿಂಡಿದಳು. ದೊರೆ ಒಮ್ಮೆ ಅವಳನ್ನು ನೋಡಿ, ಚಂಗನೆ ನೆಗೆದು ಮಂಚದ ಕೆಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಿತು.

ಸಂಜೆಯಾದರೂ ಅದು ಹೊರಗೆ ಬರಲಿಲ್ಲ. ಅಂಗಡಿಯಿಂದ ಬಂದ ತಮ್ಮ, ಚಾಪೆಯ ಮೇಲೆ ಖಾಲಿ ಮಡಿಲಿನೊಂದಿಗೆ ಕೂತ ಅಕ್ಕನನ್ನು ನೋಡಿ ಸಮಾಧಾನ ಹೇಳಹೋದ. ಅವಳು ನಗುತ್ತಿದ್ದಳು.

"ಬಿಡೋ. ನೂರು ಕಾಲ ಹೀಗೇ ಮುನಿಸ್ಕೊಂಡಿರ್ಲಿ."

ಮಂಚದ ಕೆಳಗಿನ ಕತ್ತಲಲ್ಲಿ ಬಾಲವೊಂದು ನೆಲಕ್ಕೆ ಪಟ್ಟನೆ ಬಡಿಯಿತು.